ಸಂಧಾನಕ್ಕೆ ಕೂರುವವರು ಹೇಗಿರಬೇಕು?

ಆಳುವ ಪಕ್ಷದ ಎರಡು ಬಣಗಳು ಜಗಳವಾಡಿದರೆ ಅದು ಆ ಪಕ್ಷದ ಮನೆಯ ವಿಷಯ, ಮಠಗಳಿಗೂ ಶರಣ ಬಳಗಕ್ಕೂ ಅದರಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಉತ್ತರ ಕಣ್ಣಿಗೆ ಬೀಳುತ್ತದೆ. ಮೇಲೆ ಇಬ್ಬರು ನಾಯಕರು ಮುಖ ತಿರುಗಿಸಿಕೊಂಡರೆ ಕೆಳಗೆ ಊರು ಎರಡಾಗುತ್ತದೆ. ಸಹಕಾರ ಸಂಘದ ಚುನಾವಣೆಗೆ ಎರಡು ಗುಂಪು, ಹಾಲಿನ ಡೇರಿಗೆ ಎರಡು ಗುಂಪು, ಜಾತ್ರೆಯ ಸಮಿತಿಗೂ ಎರಡು ಗುಂಪು. ಒಂದೇ ಗುರುವಿನಿಂದ ಲಿಂಗದೀಕ್ಷೆ ಪಡೆದ ಅಣ್ಣತಮ್ಮಂದಿರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದ ಸ್ಥಿತಿ. ನಾಯಕರು ನಾಳೆ ಒಂದೇ ವೇದಿಕೆಯಲ್ಲಿ ಕೈ ಕೈ ಹಿಡಿದು ಮೇಲೆತ್ತುತ್ತಾರೆ. ಊರಿನ ಬಿರುಕು ಹಾಗೇ ಉಳಿಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಂಥದ್ದನ್ನು ಕಂಡೇ ಹುಟ್ಟಿರಬೇಕು.

ಆದ್ದರಿಂದ ಬಣ ರಾಜಕೀಯದ ಶಮನ ಎಂಬುದು ನಮಗೆ ಸಂಬಂಧಿಸಿದ ವಿಷಯವೇ. ಆ ಶಮನವನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು, ಮಠಗಳು ಅದರಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಈ ಸಂಚಿಕೆಯಲ್ಲಿ ಯೋಚಿಸೋಣ.

ಮೊದಲು ನಮ್ಮ ಜಿಲ್ಲೆಯ ಅನುಭವ. ನ್ಯಾಮತಿ ಈಗ ಪ್ರತ್ಯೇಕ ತಾಲ್ಲೂಕಾದರೂ ವಿಧಾನಸಭೆಗೆ ಹೊನ್ನಾಳಿ ಕ್ಷೇತ್ರದ ಭಾಗ. ಹೀಗಾಗಿ ನಾಲ್ಕು ತಾಲ್ಲೂಕಿಗೆ ಮೂರು ಕ್ಷೇತ್ರ. 2013ರಲ್ಲಿ ಈ ಮೂರೂ ಕಾಂಗ್ರೆಸ್ಸಿಗೆ ಹೋದವು. 2018ರಲ್ಲಿ ಮೂರೂ ಬಿಜೆಪಿಗೆ ಬಂದವು. 2023ರಲ್ಲಿ ಮತ್ತೆ ಮೂರೂ ಕಾಂಗ್ರೆಸ್ಸಿಗೆ. ಜನರ ಮನಸ್ಸು ಐದೈದು ವರ್ಷಕ್ಕೆ ಬದಲಾಯಿತು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. 2013ರ ಹಿಂದೆ ಬಿಜೆಪಿ ಒಡೆದು ಯಡಿಯೂರಪ್ಪನವರ ಕೆಜೆಪಿ ಹುಟ್ಟಿತ್ತು. ಒಂದೇ ಮನೆಯ ಮತ ಎರಡು ಚಿಹ್ನೆಗೆ ಹಂಚಿಹೋಯಿತು. 2023ರಲ್ಲಿ ಚನ್ನಗಿರಿಯಲ್ಲಿ ಬಿಜೆಪಿ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತವರು ಆ ಪಕ್ಷದ ಅಧಿಕೃತ ಅಭ್ಯರ್ಥಿಗಿಂತ ಹೆಚ್ಚು ಮತ ಪಡೆದು ಎರಡನೆಯ ಸ್ಥಾನಕ್ಕೆ ಬಂದರು. ಅದೇ ಚುನಾವಣೆಯಲ್ಲಿ ಜಗಳೂರಿನಲ್ಲಿ ಕಾಂಗ್ರೆಸ್ಸಿನ ಮಾಜಿ ಶಾಸಕರೊಬ್ಬರು ಬಂಡಾಯವೆದ್ದರು. ತ್ರಿಕೋನ ಸ್ಪರ್ಧೆಯಲ್ಲಿ ಗೆಲುವಿನ ಅಂತರ ಸಾವಿರ ಮತವನ್ನೂ ಮುಟ್ಟಲಿಲ್ಲ. ಬಂಡಾಯ ಒಂದು ಪಕ್ಷದ ರೋಗವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

2024ರ ಲೋಕಸಭಾ ಚುನಾವಣೆ ಇನ್ನೂ ಸ್ಪಷ್ಟವಾದ ಪಾಠ. ದಾವಣಗೆರೆ ಕ್ಷೇತ್ರವನ್ನು ಜಿ.ಎಂ. ಸಿದ್ದೇಶ್ವರ ಅವರು 2004ರಿಂದ ಸತತ ನಾಲ್ಕು ಬಾರಿ ಗೆದ್ದಿದ್ದರು. ಆ ಸಲ ಅವರ ಪತ್ನಿ ಗಾಯತ್ರಿ ಸಿದ್ದೇಶ್ವರ ಅವರಿಗೆ ಟಿಕೆಟ್ ಸಿಕ್ಕಿತು. ಹೊನ್ನಾಳಿಯ ಎಂ.ಪಿ. ರೇಣುಕಾಚಾರ್ಯ, ಹಿರಿಯರಾದ ಎಸ್.ಎ. ರವೀಂದ್ರನಾಥ್ ಮೊದಲಾದವರು ಬಹಿರಂಗವಾಗಿ ವಿರೋಧಿಸಿದರು. ಕೇಂದ್ರದಲ್ಲಿ ಆಳುವ ಪಕ್ಷ, ಅದರ ಭದ್ರಕೋಟೆಯೆನಿಸಿದ ಕ್ಷೇತ್ರ, ಜಗಳವಾಡುತ್ತಿದ್ದ ಎರಡೂ ಕಡೆ ನಮ್ಮ ಸಮಾಜದ ಮುಖಂಡರು. ಮಾರ್ಚ್ ತಿಂಗಳಲ್ಲಿ ಯಡಿಯೂರಪ್ಪನವರೇ ದಾವಣಗೆರೆಗೆ ಬಂದು ಕೂತು ಸಂಧಾನ ನಡೆಸಿದರು. ಭಿನ್ನಮತ ಮುಗಿಯಿತು, ಎಲ್ಲರೂ ಒಟ್ಟಾಗಿ ದುಡಿಯುತ್ತಾರೆ ಎಂಬ ಮಾತು ಹೊರಬಂತು. ಜೂನ್ 4ರಂದು ಫಲಿತಾಂಶ ಬಂದಾಗ ಕಾಂಗ್ರೆಸ್ಸಿನ ಡಾ. ಪ್ರಭಾ ಮಲ್ಲಿಕಾರ್ಜುನ್ 26,094 ಮತಗಳಿಂದ ಗೆದ್ದಿದ್ದರು. ಸೋಲಿಗೆ ಒಳಏಟು ಕಾರಣವೆಂದು ಒಂದು ಬಣ, ಅಭ್ಯರ್ಥಿಯ ಆಯ್ಕೆಯೇ ಕಾರಣವೆಂದು ಇನ್ನೊಂದು ಬಣ. ಮಾರ್ಚಿನಲ್ಲಿ ಮುಚ್ಚಿದ ಗಾಯ ಜೂನಿನಲ್ಲಿ ಬಾಯ್ದೆರೆಯಿತು. ಯಾರ ಮಾತು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಾವು ಗಮನಿಸಬೇಕಾದದ್ದು ಇಷ್ಟು: ಸಂಧಾನ ನಡೆದಿತ್ತು, ಆದರೆ ಸಮಾಧಾನ ಆಗಿರಲಿಲ್ಲ.

ಯಾಕೆ ಆಗಲಿಲ್ಲ? ಸ್ವಲ್ಪ ಹಿಂದಕ್ಕೆ ಹೋದರೆ ಕಾರಣ ಸಿಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತ್ತು. ಮನೆ ಕಳೆದುಕೊಂಡವರು ಶೆಡ್ಡುಗಳಲ್ಲಿದ್ದಾಗ ಬಳ್ಳಾರಿಯ ರೆಡ್ಡಿ ಸಹೋದರರ ಜೊತೆಗಿದ್ದ ಆಳುವ ಪಕ್ಷದ ಶಾಸಕರು ಹೈದರಾಬಾದಿನಲ್ಲಿ ತಂಗಿದ್ದರು. ನವೆಂಬರಿನಲ್ಲಿ ದೆಹಲಿಯಲ್ಲಿ ಸುಷ್ಮಾ ಸ್ವರಾಜ್ ಅವರ ಸಮ್ಮುಖದಲ್ಲಿ ರಾಜಿಯಾಯಿತು. ಆ ರಾಜಿಯ ಫಲವೇನು? ಶೋಭಾ ಕರಂದ್ಲಾಜೆ ಸಚಿವ ಸ್ಥಾನ ಬಿಟ್ಟರು, ಜಗದೀಶ ಶೆಟ್ಟರ್ ಸಂಪುಟ ಸೇರಿದರು, ಮುಖ್ಯಮಂತ್ರಿಗಳ ಕಚೇರಿಯ ಹಿರಿಯ ಅಧಿಕಾರಿ ಬದಲಾದರು. ಭಿನ್ನಮತೀಯರ ಸಾಲಿನಲ್ಲಿದ್ದ ಹೊನ್ನಾಳಿಯ ಶಾಸಕರು ಮುಂದೆ ಅಬಕಾರಿ ಸಚಿವರಾದರು. ನೆರೆ ಸಂತ್ರಸ್ತರ ಮನೆಗಳ ವಿಷಯದಲ್ಲಿ ಎರಡು ಬಣಗಳು ಯಾವ ಒಪ್ಪಂದಕ್ಕೆ ಬಂದವು ಎಂದು ಕೇಳಿದವರಿಲ್ಲ.

ಒಂದು ವರ್ಷ ತುಂಬುವ ಮೊದಲೇ, 2010ರ ಅಕ್ಟೋಬರಿನಲ್ಲಿ, ಮತ್ತೆ ಬಂಡಾಯ. ಆಳುವ ಪಕ್ಷದ 11 ಶಾಸಕರು ಮತ್ತು 5 ಪಕ್ಷೇತರರು ಅನರ್ಹಗೊಂಡರು. ಸರ್ಕಾರ ಅದೇ ವಾರದಲ್ಲಿ ಎರಡು ಬಾರಿ ವಿಶ್ವಾಸಮತ ಕೇಳಬೇಕಾಯಿತು. ಆ ಅನರ್ಹತೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೇ ಅವಧಿಯಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡ ಪಕ್ಷ 2013ರಲ್ಲಿ 40 ಸ್ಥಾನಕ್ಕೆ ಇಳಿಯಿತು. ಸ್ಥಾನ ಕೊಟ್ಟು ಕೊಂಡ ಶಾಂತಿ ಮುಂದಿನ ಸ್ಥಾನ ಖಾಲಿಯಾಗುವವರೆಗೆ ಮಾತ್ರ ಬಾಳುತ್ತದೆ.

ಇದಕ್ಕಿಂತ ಹಿಂದಿನದೂ ನಮ್ಮ ಮಣ್ಣಿನದೇ ಕಥೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಗಳಾದರು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಅವರ ಆಡಳಿತದಲ್ಲೇ. ಮಾತಿನಲ್ಲಿ ಚತುರರು, ಸಮಾಜವಾದದ ನೆಲೆಯಿಂದ ಬಂದವರು. ಆದರೆ ಅವರ ಜನತಾದಳದೊಳಗೆ ಹೆಗಡೆ, ದೇವೇಗೌಡ, ಪಟೇಲರ ನಡುವಿನ ಬಿರುಕು ಮುಚ್ಚಲೇ ಇಲ್ಲ. 1994ರಲ್ಲಿ 115 ಸ್ಥಾನ ಗೆದ್ದಿದ್ದ ಪಕ್ಷ 1999ರಲ್ಲಿ ಎರಡು ಹೋಳಾಯಿತು. ಜೆಡಿಯುಗೆ 18, ಜೆಡಿಎಸ್‌ಗೆ 10. ಪಟೇಲರು ಚನ್ನಗಿರಿಯಲ್ಲೇ ಸೋತರು. ಮರುವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಜೊತೆಗೆ ಈ ಭಾಗದಲ್ಲಿ ಒಂದು ರಾಜಕೀಯ ಪರಂಪರೆಯೂ ಹೆಚ್ಚುಕಡಿಮೆ ಕೊನೆಯಾಯಿತು.

ಇಂದಿನ ರಾಜ್ಯದ ಆಳುವ ಪಕ್ಷವೂ ಇದರಿಂದ ಹೊರತಲ್ಲ. 2025ರ ನವೆಂಬರ್ 29ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮನೆಯಲ್ಲಿ ಉಪಾಹಾರ, ಡಿಸೆಂಬರ್ 2ರಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಮನೆಯಲ್ಲಿ ಉಪಾಹಾರ. ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ ಎಂದು ಇಬ್ಬರೂ ಜೊತೆಯಲ್ಲಿ ಹೇಳಿದರು. ನಾಯಕತ್ವ ಬದಲಾಗಬೇಕೆಂದು ಅದಕ್ಕೂ ಮೊದಲು ಬಹಿರಂಗವಾಗಿ ಹೇಳಿದವರಲ್ಲಿ ಚನ್ನಗಿರಿಯ ಶಾಸಕರೂ ಒಬ್ಬರು. ಎದುರುಬದುರು ಕೂತು ಉಂಡದ್ದು ಒಳ್ಳೆಯದೇ. ಒಂದೇ ಪಂಕ್ತಿಯ ಊಟದ ಬೆಲೆ ಶರಣ ಪರಂಪರೆಗೆ ಗೊತ್ತು. ಆದರೆ ಊಟದ ಆಚೆ ಏನು ಮಾತಾಯಿತು, ಯಾವ ಮಾತಿಗೆ ಯಾರು ಬದ್ಧರು ಎಂಬುದು ಜನರಿಗೆ ತಿಳಿಯದಿದ್ದರೆ ಊಹಾಪೋಹವೇ ಸರ್ಕಾರ ನಡೆಸುತ್ತದೆ. ಅಧಿಕಾರಿ ಕಡತ ಮುಟ್ಟಲು ಹಿಂಜರಿಯುತ್ತಾನೆ, ಶಾಸಕ ಕ್ಷೇತ್ರ ಬಿಟ್ಟು ರಾಜಧಾನಿಯಲ್ಲಿ ಕೂರುತ್ತಾನೆ.

ಈ ಎಲ್ಲ ಪ್ರಸಂಗಗಳಲ್ಲೂ ಮೂರು ದೋಷ ಒಂದೇ ಬಗೆಯಾಗಿ ಕಾಣುತ್ತವೆ. ಮೊದಲನೆಯದು, ಮಾತುಕತೆ ನಡೆಯುವ ಹೊತ್ತು. ಟಿಕೆಟ್ ಘೋಷಣೆಯಾದ ವಾರ, ಸರ್ಕಾರ ಬೀಳುವ ವಾರ. ಹೊಲಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಎರಡನೆಯದು, ಮಾತುಕತೆಯ ವಸ್ತು. ಯಾರಿಗೆ ಯಾವ ಖಾತೆ, ಯಾವ ನಿಗಮ ಮಂಡಳಿ ಎಂಬುದೇ ಎಲ್ಲ. ಮೂರನೆಯದು, ಮಧ್ಯಸ್ಥರು. ಸಂಧಾನಕ್ಕೆ ಬಂದವರಿಗೂ ಆ ಜಗಳದ ಫಲಿತಾಂಶದಲ್ಲಿ ಪಾಲಿರುತ್ತದೆ. ಒಂದು ಬಣ ಗೆದ್ದರೆ ಅವರಿಗೆ ಲಾಭ, ಇನ್ನೊಂದು ಗೆದ್ದರೆ ನಷ್ಟ. ಅಂಥವರ ಮಾತಿಗೆ ಎದುರಿನವರು ತಲೆಯಾಡಿಸಬಹುದು, ಮನಸ್ಸು ಕೊಡುವುದಿಲ್ಲ.

ಇದರ ಬೇರು ಇನ್ನೊಂದು ಕಡೆಯೂ ಇದೆ. ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಳೇ ಉರುಳಿದವು, ಮತಪೆಟ್ಟಿಗೆ ಬರಲಿಲ್ಲ. ನ್ಯಾಮತಿ ತಾಲ್ಲೂಕಾದದ್ದು 2016ರ ನಂತರ. ಆ ತಾಲ್ಲೂಕಿನ ಜನ ತಮ್ಮದೇ ತಾಲ್ಲೂಕು ಪಂಚಾಯಿತಿಗೆ ಓಟು ಹಾಕುವ ಅವಕಾಶಕ್ಕಾಗಿ ಕಾಯುತ್ತಲೇ ಬಂದಿದ್ದಾರೆ. ಹಳ್ಳಿಯಲ್ಲಿ ಇಪ್ಪತ್ತು ವರ್ಷ ದುಡಿದ ಕಾರ್ಯಕರ್ತನಿಗೆ ಗ್ರಾಮ ಪಂಚಾಯಿತಿ ಬಿಟ್ಟರೆ ಮೇಲಿನ ಮೆಟ್ಟಿಲಿಲ್ಲ. ಮೆಟ್ಟಿಲಿಲ್ಲದ ಮನೆಯಲ್ಲಿ ಎಲ್ಲರೂ ಮಾಳಿಗೆಗೆ ಹಗ್ಗ ಎಸೆಯುತ್ತಾರೆ. ಒಬ್ಬ ನಾಯಕನ ಹಿಂದೆ ಅಂಟಿಕೊಂಡು ನಿಗಮದ ನಿರ್ದೇಶಕ ಸ್ಥಾನಕ್ಕೋ ನಾಮನಿರ್ದೇಶನಕ್ಕೋ ಕಾಯುವುದೊಂದೇ ದಾರಿ. ಬಣಗಳು ಬೆಳೆಯುವುದು ಹೀಗೆ. ಇದನ್ನು ಸಂಧಾನದಿಂದ ಸರಿಪಡಿಸಲಾಗದು, ಚುನಾವಣೆಯಿಂದಲೇ ಆಗಬೇಕು.

ಇನ್ನು ಮಠಗಳ ಮಾತು. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳ ನೋಡಿಕೊಳ್ಳುವುದು ಧರ್ಮ. 2021ರ ಜುಲೈನಲ್ಲಿ ಮುಖ್ಯಮಂತ್ರಿ ಬದಲಾವಣೆಯ ಸುದ್ದಿ ಹಬ್ಬಿದಾಗ ನಾಡಿನ ಅನೇಕ ಮಠಾಧೀಶರು ಬೆಂಗಳೂರಿನ ಕಾವೇರಿ ನಿವಾಸಕ್ಕೆ ಹೋಗಿ ಯಡಿಯೂರಪ್ಪನವರನ್ನು ಮುಂದುವರಿಸಬೇಕೆಂದು ಕೋರಿದರು. ಅವರ ಕಾಳಜಿಯನ್ನು ಅನುಮಾನಿಸಬೇಕಿಲ್ಲ. ಜುಲೈ 26ರಂದು ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಆ ದಿನಗಳಲ್ಲಿ ಕಾವಿ ಒಂದು ಬಣದ ಬಲವಾಗಿ ಕಂಡಿತು. ಆ ಪಕ್ಷದ ಇನ್ನೊಂದು ಬಣದಲ್ಲಿದ್ದ ಲಿಂಗಾಯತ ಶಾಸಕನೂ ಅದೇ ಮಠಗಳ ಭಕ್ತನಲ್ಲವೇ? ಅವನು ನಾಳೆ ತನ್ನ ನೋವು ಹೇಳಿಕೊಳ್ಳಲು ಯಾರ ಬಳಿಗೆ ಹೋಗಬೇಕು? ಹಾಗೆಯೇ, ಸರ್ಕಾರದ ಆಯವ್ಯಯದಲ್ಲಿ ಮಠಗಳಿಗೆ ಅನುದಾನ ಇಡುವ ರೂಢಿ ಬೆಳೆದಿದೆ. ಶಾಲೆಗೆ, ಪ್ರಸಾದ ನಿಲಯಕ್ಕೆ ಆ ಹಣ ಸದ್ವಿನಿಯೋಗವಾಗಿರಬಹುದು. ಆದರೆ ಕೊಟ್ಟವರ ನಡುವೆ ಜಗಳ ಬಂದಾಗ ಪಡೆದವರ ನಾಲಗೆ ಎಷ್ಟು ಸ್ವತಂತ್ರವಾಗಿರುತ್ತದೆ?

ನಮ್ಮ ಪರಂಪರೆ ಈ ಪ್ರಶ್ನೆಗೆ ಹನ್ನೆರಡನೆಯ ಶತಮಾನದಲ್ಲೇ ಉತ್ತರ ಕೊಟ್ಟಿದೆ. ಕಲ್ಯಾಣದಲ್ಲಿ ರಾಜ್ಯದ ಭಂಡಾರದ ಹೊಣೆ ಹೊತ್ತವರು ಬಸವಣ್ಣನವರು. ಅಧಿಕಾರ, ಪ್ರಭಾವ, ಬಂಧುಬಳಗ ಎಲ್ಲ ಅವರಿಗಿತ್ತು. ಆದರೆ ಅನುಭವ ಮಂಟಪದ ಶೂನ್ಯ ಸಿಂಹಾಸನದ ಮೇಲೆ ಕೂತವರು ಅಲ್ಲಮಪ್ರಭುಗಳು. ಅವರಿಗೆ ಊರಿಲ್ಲ, ಮನೆಯಿಲ್ಲ, ಬಿಜ್ಜಳನ ಆಸ್ಥಾನದಿಂದ ಬೇಕಾದದ್ದು ಏನೂ ಇಲ್ಲ. ಬಸವಣ್ಣನವರನ್ನೂ ಎದುರಿಗೆ ನಿಲ್ಲಿಸಿ ಪ್ರಶ್ನಿಸುವ ಅಧಿಕಾರ ಅವರಿಗೆ ಬಂದದ್ದು ಆ ಬೇಡದಿರುವಿಕೆಯಿಂದ. ಶೂನ್ಯಸಂಪಾದನೆಯನ್ನು ಓದಿದವರಿಗೆ ಗೊತ್ತು: ಅಲ್ಲಿ ಮಾತು ಸಿಹಿಯಾಗಿಯೇ ಇರಲಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರ ಬಳಿಗೆ ಅಲ್ಲಮರು ಹೋದಾಗ ಮೊದಲು ಎದ್ದದ್ದು ಕೋಪ, ಸಂಘರ್ಷ. ಕೊನೆಗೆ ಆದದ್ದು ಅರಿವು. ಅಲ್ಲಮರು ಯಾರಿಗೂ ಸ್ಥಾನ ಹಂಚಿ ಸಮಾಧಾನ ಮಾಡಲಿಲ್ಲ; ಕೇಳಬೇಕಾದ ಪ್ರಶ್ನೆಯನ್ನು ಎಲ್ಲರ ಎದುರಿಗೆ ಕೇಳಿದರು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಗಂಡ ಮಾರಯ್ಯ ಅಂದು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಅದನ್ನು ಮರಳಿ ಸುರಿದು ಬರಲು ಹೇಳಿದರು. ಇಂದಿನ ಬಣಗಳ ಮಾತುಕತೆಯಲ್ಲಿ ಲಕ್ಕಮ್ಮನವರ ಪ್ರಶ್ನೆಯನ್ನು ಕೇಳುವವರಿಲ್ಲ. ನಮಗೆ ಬರಬೇಕಾದ್ದು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಬಳಿ ಹೆಚ್ಚಾಗಿರುವುದು ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಇದು ಪುರಾಣ ಕಾಲದ ಮಾತಾಯಿತು, ಈಗ ಸಾಧ್ಯವೇ ಎಂದರೆ ಜಗಳೂರಿನಿಂದ ಬಹಳ ದೂರವಲ್ಲದ ಸಿರಿಗೆರೆಯನ್ನು ನೋಡಬಹುದು. ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರ ಸೋಮವಾರ ಜಗಳಗಳು ಬರುತ್ತವೆ. ಹೊಲದ ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಗಂಡ ಹೆಂಡಿರ ಮುನಿಸು, ಸಾಲದ ವ್ಯಾಜ್ಯ. ಬೇರೆ ಬೇರೆ ಜಾತಿಯವರು ಬರುತ್ತಾರೆ. ಎರಡೂ ಕಡೆಯವರು ಎದುರುಬದುರು ನಿಂತು ಹೇಳಬೇಕು. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಬೇಕು. ಆದ ತೀರ್ಮಾನ ದಾಖಲೆಯಾಗಬೇಕು. ಅದು ಸರ್ಕಾರದ ಕೋರ್ಟಲ್ಲ, ಅದರ ಹಿಂದೆ ಪೊಲೀಸರಿಲ್ಲ. ಆದರೂ ಜನ ಒಪ್ಪುತ್ತಾರೆ, ಏಕೆಂದರೆ ಪಕ್ಕದ ಹೊಲದ ಬದು ಎತ್ತ ಸರಿದರೂ ಪೀಠಕ್ಕೆ ಒಂದು ಗುಂಟೆಯ ಲಾಭವಿಲ್ಲವೆಂದು ಅವರಿಗೆ ಗೊತ್ತು. ಹಳ್ಳಿಯ ಹಿರಿಯರು ಪಾಲುಪಾರಿಕತ್ತು ಬರೆಸುವಾಗಲೂ ಇದೇ ನಿಯಮ: ಬಾಯಿಮಾತಿಗೆ ಬೆಲೆಯಿಲ್ಲ, ಸಾಕ್ಷಿಗಳ ಸಹಿ ಬೇಕು. ಎರಡು ಎಕರೆ ಹೊಲಕ್ಕೆ ಇಷ್ಟು ಎಚ್ಚರ ವಹಿಸುವ ನಾವು ಇಡೀ ಜಿಲ್ಲೆಯ ರಾಜಕೀಯದ ರಾಜಿಯನ್ನು ಹೋಟೆಲ್ ಕೋಣೆಯ ಬಾಯಿಮಾತಿಗೆ ಬಿಡುತ್ತೇವೆ.

ಹೊರದೇಶದ ಒಂದು ಉದಾಹರಣೆ ಸಾಕು. ಉತ್ತರ ಐರ್ಲೆಂಡಿನಲ್ಲಿ ಮೂರು ದಶಕಗಳ ರಕ್ತಪಾತದ ನಂತರ 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ಮಾತುಕತೆಯ ಅಧ್ಯಕ್ಷತೆ ವಹಿಸಿದ್ದವರು ಹೊರಗಿನವರಾದ ಅಮೆರಿಕದ ಜಾರ್ಜ್ ಮಿಚೆಲ್. ಒಪ್ಪಂದದ ಪ್ರತಿಯನ್ನು ಅಲ್ಲಿನ ಮನೆಮನೆಗೆ ಕಳುಹಿಸಿ, ಮೇ 22ರಂದು ಜನಮತ ಕೇಳಿದರು. ನಮ್ಮ ಪಕ್ಷಗಳ ಜಗಳ ಅದರ ಮುಂದೆ ಎಳ್ಳಿನಷ್ಟು. ಆದರೆ ಪಾಠ ಒಂದೇ: ಜನರಿಗೆ ತೋರಿಸಲಾಗುವ ಒಪ್ಪಂದ ಮಾತ್ರ ನಿಲ್ಲುತ್ತದೆ.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಇನ್ನು ಮುಂದೆ ಯಾವ ಪಕ್ಷದ ಬಣಗಳೇ ಆಗಲಿ ರಾಜಿಗೆ ಕೂರುವಾಗ, ಅಥವಾ ಮಠದ ಬಾಗಿಲಿಗೆ ಬಂದಾಗ, ನಾವು ಕೆಲವು ಕಟ್ಟುಪಾಡುಗಳನ್ನು ಮುಂದಿಡಬೇಕು.

ಒಂದು: ಒಬ್ಬರಿಗೆ ಟಿಕೆಟ್ ಕೊಡಿ, ಮಂತ್ರಿ ಮಾಡಿ ಎಂದು ಕೇಳಿರುವ ಮಠ ಆ ಜಗಳದಲ್ಲಿ ಮಧ್ಯಸ್ಥಿಕೆ ವಹಿಸಬಾರದು. ಕೇಳುವ ಹಕ್ಕು ಬೇಕಾದರೆ ತೀರ್ಮಾನಿಸುವ ಹಕ್ಕನ್ನು ಬಿಡಬೇಕು.

ಎರಡು: ಎರಡೂ ಬಣದವರು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂರಬೇಕು. ಒಬ್ಬರನ್ನು ಬೆಳಿಗ್ಗೆ, ಇನ್ನೊಬ್ಬರನ್ನು ಸಂಜೆ ಕರೆದು ಇಬ್ಬರಿಗೂ ಹಿತವಾದದ್ದನ್ನು ಹೇಳಿ ಕಳುಹಿಸುವುದು ಸಂಧಾನವಲ್ಲ.

ಮೂರು: ನಾಯಕರ ಜೊತೆ ಆ ತಾಲ್ಲೂಕಿನ ಕಾರ್ಯಕರ್ತರು, ಮಹಿಳೆಯರು, ದಲಿತ ಮತ್ತು ಹಿಂದುಳಿದ ಸಮುದಾಯದ ಮುಖಂಡರು ಇರಬೇಕು. ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಅಲ್ಲಿನ ಬಣಗಳ ಜಗಳವನ್ನು ಲಿಂಗಾಯತ ಮುಖಂಡರಷ್ಟೇ ಕೂತು ಬಗೆಹರಿಸಿದರೆ ಅದು ಅನುಭವ ಮಂಟಪದ ದಾರಿಯಾಗುವುದಿಲ್ಲ.

ನಾಲ್ಕು: ಮಾತಿನ ಮೊದಲ ವಸ್ತು ತಾಲ್ಲೂಕಿನ ಕೆಲಸವಾಗಿರಬೇಕು, ಸ್ಥಾನಮಾನ ಕೊನೆಗೆ ಬರಲಿ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಇದೆ. 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದ ಭದ್ರಾ ಮೇಲ್ದಂಡೆ ಯೋಜನೆ ಇದೆ. ಭದ್ರಾ ನಾಲೆಯ ಕೊನೆಯ ಭಾಗದ ರೈತನಿಗೆ ನೀರು ಮುಟ್ಟದ ಹಳೆಯ ಗೋಳಿದೆ. 2023ರ ಬರದಲ್ಲಿ ಅದು ಬೀದಿಗೆ ಬಂತು. ಚನ್ನಗಿರಿಯ ಸೂಳೆಕೆರೆ, ಹೊನ್ನಾಳಿ-ನ್ಯಾಮತಿಯ ನದಿದಂಡೆಯ ಊರುಗಳು, ಅಡಿಕೆ ಮತ್ತು ಮೆಕ್ಕೆಜೋಳದ ಬೆಲೆ. ಈ ವಿಷಯಗಳಲ್ಲಿ ಎರಡು ಬಣಗಳಿಗೆ ನಿಜವಾಗಿ ಭಿನ್ನಾಭಿಪ್ರಾಯವಿದೆಯೇ ಎಂದು ಮೊದಲು ಕೇಳಬೇಕು. ಇಲ್ಲವೆಂದಾದರೆ ಜಗಳ ಯಾವುದಕ್ಕಾಗಿ ಎಂಬುದು ಎಲ್ಲರಿಗೂ ತಿಳಿದುಹೋಗುತ್ತದೆ. ಆ ತಿಳಿವಳಿಕೆಯೇ ಅರ್ಧ ಪರಿಹಾರ.

ಐದು: ಒಪ್ಪಿದ್ದನ್ನು ಬರೆದು, ಸಹಿ ಹಾಕಿ, ಓದಿ ಹೇಳಬೇಕು. ಆರು ತಿಂಗಳಿಗೊಮ್ಮೆ ಅದೇ ಜನ ಮತ್ತೆ ಕೂರುವ ದಿನವನ್ನೂ ಅಲ್ಲೇ ಗೊತ್ತುಮಾಡಬೇಕು. ಚುನಾವಣೆಯ ವಾರಕ್ಕೆ ಕಾಯಬಾರದು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಮಠ ಇಷ್ಟೆಲ್ಲ ಒಳಗೆ ಬಂದರೆ ಪ್ರಜಾಪ್ರಭುತ್ವಕ್ಕೆ ಅಪಾಯವಲ್ಲವೇ? ಅಭ್ಯರ್ಥಿ ಯಾರೆಂದು ತೀರ್ಮಾನಿಸಬೇಕಾದ್ದು ಪಕ್ಷದ ಸದಸ್ಯರು, ಗೆಲ್ಲಬೇಕಾದ್ದು ಯಾರೆಂದು ತೀರ್ಮಾನಿಸಬೇಕಾದ್ದು ಮತದಾರರು. ಈ ಆಕ್ಷೇಪವನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಪಕ್ಷಗಳು ತಮ್ಮೊಳಗೆ ನಿಜವಾದ ಚುನಾವಣೆ ನಡೆಸಿ, ತಾಲ್ಲೂಕು ಘಟಕದ ಅಧ್ಯಕ್ಷನನ್ನು ಮೇಲಿನಿಂದ ಇಳಿಸದೆ ಕೆಳಗಿನಿಂದ ಆರಿಸಿದರೆ, ಸಂಧಾನಕಾರರ ಅಗತ್ಯವೇ ಕಡಿಮೆಯಾಗುತ್ತದೆ. ಆ ದಿನ ಬರಲಿ. ಅಲ್ಲಿಯವರೆಗೆ ಮಠಗಳು ಮಾಡಬಹುದಾದದ್ದು ಜಾಗ ಕೊಡುವುದು, ಎದುರುಬದುರು ಕೂರಿಸುವುದು, ಕೇಳಬೇಕಾದ್ದನ್ನು ಕೇಳುವುದು. ಯಾರು ಗೆಲ್ಲಬೇಕೆಂದು ಹೇಳುವುದಲ್ಲ. ಹಾಗೆಯೇ ಜಗಳವೇ ಇಲ್ಲದ ಪಕ್ಷ ಬೇಕೆಂಬ ಆಸೆಯೂ ನಮಗಿಲ್ಲ. ಭ್ರಷ್ಟಾಚಾರವನ್ನು ಪ್ರಶ್ನಿಸಿದವನನ್ನು ಭಿನ್ನಮತೀಯನೆಂದು ಕರೆದು, ಒಗ್ಗಟ್ಟಿನ ಹೆಸರಿನಲ್ಲಿ ಬಾಯಿ ಮುಚ್ಚಿಸುವ ರಾಜಿಗೆ ಯಾವ ಮಠವೂ ಪಡಸಾಲೆ ಬಿಟ್ಟುಕೊಡಬಾರದು.

ಬಂಧುಗಳೇ, ಒಡೆದ ಮನೆಗಳ ನಡುವೆ ನಿಂತು ಮಾತಾಡಿಸಬಲ್ಲ ಜಾಗಗಳು ಹಳ್ಳಿಯಲ್ಲಿ ಕಡಿಮೆಯಾಗುತ್ತಿವೆ. ಕಟ್ಟೆಯ ಪಂಚಾಯಿತಿ ಹೋಯಿತು, ಸಹಕಾರ ಸಂಘ ಪಕ್ಷದ ಪಾಲಾಯಿತು, ಶಾಲೆಯ ಸಮಿತಿಗೂ ಬಣದ ಬಣ್ಣ ಬಂತು. ಎರಡೂ ಕಡೆಯವರು ಹಿಂಜರಿಕೆಯಿಲ್ಲದೆ ಬರಬಹುದಾದ ಜಾಗವಾಗಿ ಮಠದ ಪಡಸಾಲೆ ಇನ್ನೂ ಉಳಿದಿದೆ. ಅದು ಉಳಿಯಬೇಕಾದರೆ ಅಲ್ಲಿ ಯಾವ ಪಕ್ಷದ ಲೆಕ್ಕವೂ ನಡೆಯಬಾರದು. ಮುಂದಿನ ಪಂಚಾಯಿತಿ ಚುನಾವಣೆಗಳು ಬರುವ ಮುನ್ನ ನಾಲ್ಕೂ ತಾಲ್ಲೂಕಿನ ಬಸವ ಬಳಗಗಳು, ಶರಣ ಸಂಘಟನೆಗಳು ತಮ್ಮ ತಮ್ಮ ಊರಿನಲ್ಲಿ ಒಂದು ಸಂಜೆ ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಲಿ. ಕೆರೆಯ ಮಾತಿನಿಂದ ಶುರುಮಾಡಲಿ. ನಾಯಕರ ರಾಜಿ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಆದಾಗ ಆಗಲಿ. ಊರಿನ ರಾಜಿಗೆ ಅವರಿಗಾಗಿ ಕಾಯಬೇಕಿಲ್ಲ.